ಜೈಲಿನಲ್ಲಿ ಆಪ್ತಸಮಾಲೋಚಕರಾಗಿ ಕೆಲಸ ಮಾಡುವುದು ಹೇಗೆ: ಮೊದಲ ಭೇಟಿಯಿಂದ ಬಿಡುಗಡೆಯವರೆಗೆ ಸಮಗ್ರ ಮಾರ್ಗದರ್ಶಿ

ಹೊರಗಿನ ಕ್ಲಿನಿಕ್‌ಗಳಲ್ಲಿ ವರ್ಷಗಟ್ಟಲೆ ಕೌನ್ಸೆಲಿಂಗ್ ಮಾಡಿ ಪಳಗಿದವರು ಕೂಡ ಜೈಲಿಗೆ ಬಂದ ಹೊಸದರಲ್ಲಿ ತಡವರಿಸುತ್ತಾರೆ. ಹೊರಗೆ ಬರುವವರು ತಾವಾಗಿ ಬರುತ್ತಾರೆ, ಸರಿಹೋಗದಿದ್ದರೆ ಎದ್ದು ಹೋಗುತ್ತಾರೆ. ಜೈಲಿನಲ್ಲಿ ನಿಮ್ಮೆದುರು ಕೂತವರಿಗೆ ಎಷ್ಟು ಹೊತ್ತಿಗೆ ಏಳಬೇಕು, ಯಾರ ಪಕ್ಕ ಮಲಗಬೇಕು ಅನ್ನುವುದೂ ತಮ್ಮ ಕೈಯಲ್ಲಿಲ್ಲ. ಎಷ್ಟೋ ಸಲ ನಿಮ್ಮ ಹತ್ತಿರ ಬಂದಿರುವುದೂ ಅವರ ಇಷ್ಟದಿಂದ ಅಲ್ಲ, ಯಾರೋ ಕಳಿಸಿದ್ದಕ್ಕೆ ಬಂದಿರುತ್ತಾರೆ.

ಅಂಥ ಕಡೆ ನಂಬಿಕೆ ಹೇಗೆ ಹುಟ್ಟುತ್ತದೆ? ನನ್ನ ಉತ್ತರ ಒಂದೇ. ಹೇಳಿದ್ದನ್ನು ಮಾಡಿ, ಮಾಡಲಾಗದ್ದನ್ನು ಹೇಳಬೇಡಿ. ಮಂಗಳವಾರ 11 ಗಂಟೆಗೆ ಬರುತ್ತೇನೆ ಅಂದರೆ ಬರಬೇಕು. ಬರಲಾಗದಿದ್ದರೆ ಅವರಿಗೆ ಸುದ್ದಿ ಮುಟ್ಟಿಸಬೇಕು. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

1. ಮೊದಲು ಜೈಲನ್ನು ಅರ್ಥ ಮಾಡಿಕೊಳ್ಳಿ

ಜೈಲು ಅಂದರೆ ಬರೀ ಓಡಾಡುವ ಸ್ವಾತಂತ್ರ್ಯ ಹೋಗುವುದು ಅಂದುಕೊಳ್ಳುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ ನ್ಯೂಜೆರ್ಸಿಯ ಬಿಗಿ ಭದ್ರತೆಯ ಜೈಲೊಂದನ್ನು ಹತ್ತಿರದಿಂದ ನೋಡಿ, 1958ರಲ್ಲಿ ಐದು ಬಗೆಯ ನೋವುಗಳನ್ನು ಗುರುತಿಸಿದರು. ಸ್ವಾತಂತ್ರ್ಯ ಇಲ್ಲ. ಬೇಕಾದ ವಸ್ತು ಸಿಗಲ್ಲ. ಸಂಗಾತಿಯ ಒಡನಾಟ ಇಲ್ಲ. ತನ್ನ ತೀರ್ಮಾನ ತಾನು ತೆಗೆದುಕೊಳ್ಳುವಂತಿಲ್ಲ. ಜೊತೆಗಿರುವ ಕೈದಿಗಳಿಂದಲೇ ಭಯ. ಈ ಐದನ್ನೂ ನೆನಪಿಟ್ಟುಕೊಳ್ಳಿ. ಎದುರಿಗೆ ಕೂತವರು ‘ಸುಮ್ನೆ’ ಸಿಡುಕುತ್ತಿದ್ದಾರೆ ಅನಿಸಿದಾಗ, ಹಿಂದೆ ಇವುಗಳಲ್ಲಿ ಯಾವುದಾದರೂ ಒಂದು ಇದ್ದೇ ಇರುತ್ತದೆ.

ಮಾನಸಿಕ ಕಾಯಿಲೆ ಇಲ್ಲಿ ಹೊರಗಿಗಿಂತ ಜಾಸ್ತಿ. ಸೀನಾ ಫಜೆಲ್ ಮತ್ತು ಜಾನ್ ಡ್ಯಾನೆಶ್ 12 ದೇಶಗಳ 62 ಸಮೀಕ್ಷೆಗಳನ್ನು, ಅಂದರೆ ಸುಮಾರು 23,000 ಕೈದಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿ 2002ರಲ್ಲಿ ಪ್ರಕಟಿಸಿದರು. ಸರಿಸುಮಾರು 7 ಜನರಲ್ಲಿ ಒಬ್ಬರಿಗೆ ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವ ಕಾಯಿಲೆ) ಅಥವಾ ತೀವ್ರ ಖಿನ್ನತೆ ಇತ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ 30 ಜನ ಇದ್ದರೆ, ಅವರಲ್ಲಿ ಕೆಲವರಿಗೆ ಮಾತಿಗಿಂತ ಮೊದಲು ಮನೋವೈದ್ಯರು ಬೇಕು. ಅದನ್ನು ಗುರುತಿಸಿ ಕಳಿಸುವುದೂ ನಿಮ್ಮ ಕೆಲಸವೇ.

ವಿಚಾರಣಾಧೀನ ಕೈದಿಗೂ ಸಜಾಬಂದಿಗೂ ಇರುವ ವ್ಯತ್ಯಾಸ ಮರೆಯಬೇಡಿ. ಶಿಕ್ಷೆ ಆದವರಲ್ಲಿ ಹಲವರಿಗೆ ಕನಿಷ್ಠ ಒಂದು ತಾರೀಕು ಗೊತ್ತಿರುತ್ತದೆ. ವಿಚಾರಣೆಯಲ್ಲಿರುವವರಿಗೆ ಮುಂದಿನ ವಾಯಿದೆ ಬಿಟ್ಟರೆ ಏನೂ ಗೊತ್ತಿರಲ್ಲ. ಅವರ ದಿನವೆಲ್ಲ ‘ಜಾಮೀನು ಸಿಗುತ್ತಾ’ ಅನ್ನುವುದರಲ್ಲೇ ಕಳೆಯುತ್ತದೆ. ಅಂಥವರಿಗೆ ಐದು ವರ್ಷದ ಗುರಿ ಹಾಕಿಕೊಳ್ಳಿ ಅಂದರೆ ಅರ್ಥವಿಲ್ಲ. ಈ ವಾರ ದಾಟುವುದು ಹೇಗೆ ಅಂತ ಮಾತಾಡಿ.

ಇನ್ನೊಂದು ಕೆಲಸ: ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳನ್ನು ಓದಿಕೊಳ್ಳಿ. 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಈ 122 ನಿಯಮಗಳಲ್ಲಿ, ಜೈಲಿನಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಸಾಧ್ಯವಾದ ಮಟ್ಟಿಗೆ ಸಾಕಷ್ಟು ಸಂಖ್ಯೆಯಲ್ಲಿ ಇರಬೇಕು ಅನ್ನುತ್ತದೆ 78ನೇ ನಿಯಮ. ಹೊರಗಿನವರಿಗೆ ಸಿಗುವ ಮಟ್ಟದ ಆರೋಗ್ಯ ಸೇವೆ ಕೈದಿಗೂ ಸಿಗಬೇಕು ಅನ್ನುತ್ತದೆ 24ನೇ ನಿಯಮ. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮನುಷ್ಯರ ಅರ್ಥಪೂರ್ಣ ಸಂಪರ್ಕ ಇಲ್ಲದೆ ಇಡುವುದು ಒಂಟಿ ಸೆರೆ, ಅದು ಸತತ 15 ದಿನ ಮೀರಬಾರದು ಅನ್ನುತ್ತವೆ 43, 44ನೇ ನಿಯಮಗಳು. ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವರು ಮಹಿಳಾ ಕೈದಿಗಳ ಬಗ್ಗೆ ವಿಶ್ವಸಂಸ್ಥೆಯೇ ಮಾಡಿದ 2010ರ ಬ್ಯಾಂಕಾಕ್ ನಿಯಮಗಳನ್ನೂ ನೋಡಬೇಕು. ಮುಂದೆ ಅಧಿಕಾರಿಗಳ ಹತ್ತಿರ ಏನಾದರೂ ಕೇಳುವಾಗ, ‘ನನಗೆ ಹೀಗನಿಸುತ್ತೆ’ ಅನ್ನುವುದಕ್ಕಿಂತ ನಿಯಮದ ಸಂಖ್ಯೆ ಹೇಳಿದರೆ ಮಾತಿಗೆ ತೂಕ ಬರುತ್ತದೆ.

2. ಓದು ಮತ್ತು ತಯಾರಿ

ಮನಶ್ಶಾಸ್ತ್ರ, ಸಮಾಜ ಕಾರ್ಯ ಅಥವಾ ಕೌನ್ಸೆಲಿಂಗ್‌ನಲ್ಲಿ ಪದವಿ, ಅದರಲ್ಲೂ ಸ್ನಾತಕೋತ್ತರ ಪದವಿ ಇದ್ದರೆ ದಾರಿ ಸುಲಭ. ಲೈಸೆನ್ಸ್ ಅಥವಾ ನೋಂದಣಿಯ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ, ನೀವಿರುವ ಕಡೆಯದನ್ನು ಮೊದಲೇ ವಿಚಾರಿಸಿಕೊಳ್ಳಿ. ಪೊಲೀಸ್ ಪರಿಶೀಲನೆ ಬಹುತೇಕ ಎಲ್ಲ ಕಡೆ ಇರುತ್ತದೆ.

ಡಿಗ್ರಿಯಲ್ಲಿ ಹೇಳಿಕೊಡದ ಮೂರು ವಿಷಯಗಳನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ: ವ್ಯಸನ, ಆಘಾತದಿಂದ ಆಗುವ ಮಾನಸಿಕ ತೊಂದರೆ, ಮತ್ತು ಆತ್ಮಹತ್ಯೆ ತಡೆ. ಜೈಲಿನ ಮುಕ್ಕಾಲು ಪಾಲು ಮಾತು ಇವುಗಳ ಸುತ್ತವೇ ತಿರುಗುತ್ತದೆ. ಕೆಲಸಕ್ಕೆ ಸೇರುವ ಮೊದಲು ಸ್ವಯಂಸೇವಕರಾಗಿ, ಓದು ಕಲಿಸುವ ಅಥವಾ ವ್ಯಸನ ಬಿಡಿಸುವ ತಂಡದ ಜೊತೆ ಕೆಲವು ತಿಂಗಳು ಒಳಗೆ ಹೋಗಿ ಬನ್ನಿ. ಬಾಗಿಲು ಹಿಂದೆ ಮುಚ್ಚಿಕೊಂಡಾಗ ನಿಮ್ಮ ಮೈ ಹೇಗೆ ಪ್ರತಿಕ್ರಿಯಿಸುತ್ತದೆ ಅನ್ನುವುದು ಹೋಗದೆ ಗೊತ್ತಾಗಲ್ಲ.

3. ನೀವು ಯಾರ ಕಡೆಯವರು?

ಕೈದಿಗಳು ಇದನ್ನು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಯೇ ಇರುತ್ತಾರೆ. ಸಿಬ್ಬಂದಿಯೂ ಅಷ್ಟೇ. ಸಂಬಳ ಕೊಡುವುದು ಆಡಳಿತ, ಕೆಲಸ ಕೈದಿಯ ಒಳಿತಿಗೆ. ಈ ಎಳೆದಾಟ ಕೊನೆಯವರೆಗೂ ಇರುತ್ತದೆ, ಅದನ್ನು ಇಲ್ಲ ಅನ್ನಬೇಡಿ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಮಂಡೇಲಾ ನಿಯಮ 46 ಒಳ್ಳೆಯ ಆಧಾರ. ಶಿಸ್ತಿನ ಕ್ರಮ ಕೊಡುವುದರಲ್ಲಿ ಆರೋಗ್ಯ ಸಿಬ್ಬಂದಿಯ ಪಾತ್ರ ಇರಬಾರದು ಅನ್ನುತ್ತದೆ ಅದು. ನಿಮ್ಮ ಹುದ್ದೆ ಆರೋಗ್ಯ ವಿಭಾಗದಲ್ಲಿ ಇಲ್ಲದಿದ್ದರೂ ಇದನ್ನೇ ಪಾಲಿಸಿ. ‘ಇವನಿಗೆ ಎಷ್ಟು ದಿನ ಶಿಕ್ಷೆ ಕೊಡೋಣ, ನೀವೇ ಹೇಳಿ’ ಅಂತ ಅಧಿಕಾರಿಗಳು ಕೇಳಿದರೆ, ಅದು ನನ್ನ ಕೆಲಸ ಅಲ್ಲ ಅಂತ ಮೊದಲ ಸಲವೇ ಸೌಮ್ಯವಾಗಿ ಹೇಳಿಬಿಡಿ. ಎರಡನೇ ಸಲ ಹೇಳುವುದು ಕಷ್ಟ.

ಹಾಗಂತ ವಾರ್ಡರ್‌ಗಳನ್ನು ದೂರ ಇಡಬೇಡಿ. ರಾತ್ರಿ ಎರಡು ಗಂಟೆಗೆ ಯಾರು ನಿದ್ದೆ ಮಾಡದೆ ಕೂತಿದ್ದಾರೆ, ಯಾರು ಮೂರು ದಿನದಿಂದ ಊಟ ಬಿಟ್ಟಿದ್ದಾರೆ ಅನ್ನುವುದು ಗೊತ್ತಿರುವುದು ಅವರಿಗೆ. ಬಂದ ಕೂಡಲೇ ಅವರ ಹತ್ತಿರ ‘ಇವತ್ತು ಯಾರ ಬಗ್ಗೆ ಚಿಂತೆ ಇದೆ?’ ಅಂತ ಒಂದು ಮಾತು ಕೇಳಿ. ಇದನ್ನು ರೂಢಿ ಮಾಡಿಕೊಂಡರೆ, ನೀವು ಇಲ್ಲದ ದಿನವೂ ಅವರು ಗಮನಿಸಿಟ್ಟು ಹೇಳುತ್ತಾರೆ. ವಾರ್ಡರ್ ಕೂಡ ಆ ಗೋಡೆಯೊಳಗೇ ದಿನ ಕಳೆಯುವ ಮನುಷ್ಯ, ಅವರ ಬೇಸರಕ್ಕೂ ಸ್ವಲ್ಪ ಕಿವಿ ಕೊಡಿ. ಆದರೆ ಕೈದಿ ನಿಮಗೆ ಹೇಳಿದ್ದನ್ನು ಬದಲಿಗೆ ಕೊಡಬೇಡಿ.

4. ಕೂರುವ ಜಾಗ

ಒಳ್ಳೆಯ ಕೋಣೆ ಸಿಗುವುದು ಅಪರೂಪ. ಸಿಕ್ಕ ಜಾಗದಲ್ಲೇ ಇಷ್ಟು ನೋಡಿಕೊಳ್ಳಿ. ಕಾವಲಿನವರಿಗೆ ನೀವು ಕಾಣಬೇಕು, ನಿಮ್ಮ ಮಾತು ಕೇಳಿಸಬಾರದು. ಗಾಜಿನ ಕಿಟಕಿ ಇರುವ ಬಾಗಿಲು ಇದ್ದರೆ ಚೆನ್ನ. ಇಬ್ಬರ ಕುರ್ಚಿಯೂ ಒಂದೇ ಎತ್ತರ ಇರಲಿ. ಬಾಗಿಲಿನ ದಾರಿ ಇಬ್ಬರಿಗೂ ತೆರೆದಿರಲಿ, ಯಾರೂ ಯಾರನ್ನೂ ಅಡ್ಡಗಟ್ಟಿದಂತೆ ಕೂರಬಾರದು. ಮಧ್ಯೆ ದೊಡ್ಡ ಮೇಜು ಇಟ್ಟರೆ ಅದು ವಿಚಾರಣೆಯ ಕೋಣೆ ಥರ ಕಾಣುತ್ತದೆ. ಎಚ್ಚರಿಕೆಯ ಗಂಟೆ ಅಥವಾ ರೇಡಿಯೊ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಿ. ಫೋನು, ಕೀಲಿಕೈ, ಚೂಪಾದ ವಸ್ತು, ಮನೆಯ ವಿಳಾಸ ಇರುವ ಕಾಗದ ಯಾವುದೂ ನಿಮ್ಮ ಹತ್ತಿರ ಇರಬಾರದು.

ಕೈದಿಗಳನ್ನು ಬಹುವಚನದಲ್ಲೇ ಮಾತಾಡಿಸಿ, ಹೆಸರು ಹಿಡಿದೇ ಕರೆಯಿರಿ. ನಂಬರಿನಿಂದ, ಏಕವಚನದಲ್ಲಿ ಕರೆಸಿಕೊಂಡು ಅಭ್ಯಾಸವಾದವರಿಗೆ ‘ಬನ್ನಿ, ಕೂತ್ಕೊಳ್ಳಿ’ ಅನ್ನುವುದೇ ಆ ದಿನ ಕೇಳಿದ ಮೊದಲ ಮರ್ಯಾದೆಯ ಮಾತಾಗಿರಬಹುದು.

5. ಮೊದಲ ಭೇಟಿ, ಮತ್ತು ಗುಟ್ಟಿನ ಗಡಿ

ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅಂದುಕೊಳ್ಳುವ ಹತ್ತು ನಿಮಿಷ ಇದು. ನಿಮ್ಮ ಹೆಸರು, ನಿಮ್ಮ ಕೆಲಸ, ಎಷ್ಟು ಹೊತ್ತು ಮಾತಾಡಬಹುದು, ಮತ್ತೆ ಯಾವಾಗ ಸಿಗುತ್ತೀರಿ ಅಂತ ಹೇಳಿ. ಆಮೇಲೆ, ಅವರು ಏನನ್ನೂ ಹೇಳಿಕೊಳ್ಳುವ ಮೊದಲೇ, ಗುಟ್ಟಿನ ಗಡಿ ಹೇಳಿ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಮುಗಿಸಬೇಡಿ. ಬಾಯಿಮಾತಿನಲ್ಲಿ ಹೀಗೆ ಹೇಳಬಹುದು:

‘ನೀವು ಇಲ್ಲಿ ಹೇಳಿದ್ದನ್ನ ನಾನು ಬ್ಯಾರಕ್‌ನಲ್ಲಾಗಲಿ, ಸಿಬ್ಬಂದಿ ಹತ್ತಿರ ಆಗಲಿ ಮಾತಾಡಲ್ಲ. ಆದರೆ ಕೆಲವು ವಿಷಯ ನನ್ನಲ್ಲೇ ಇಟ್ಕೊಳ್ಳೋಕೆ ಆಗಲ್ಲ. ನೀವು ಜೀವ ಕಳೆದುಕೊಳ್ಳುವ ಯೋಚನೆಯಲ್ಲಿದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಇಲ್ಲಿಂದ ತಪ್ಪಿಸಿಕೊಳ್ಳುವ ಮಾತಿದ್ದರೆ, ನಿಯಮ ಮುರಿಯುವ ಸಹಾಯ ನನ್ನನ್ನ ಕೇಳಿದರೆ, ಯಾವುದಾದರೂ ಮಗುವಿಗೆ ತೊಂದರೆ ಆಗ್ತಿದ್ದರೆ ನಾನು ಹೇಳಲೇಬೇಕು. ಕೋರ್ಟ್ ಕೇಳಿದರೂ ಕೆಲವು ವಿಷಯ ಕೊಡಬೇಕಾಗಬಹುದು. ನಿಮ್ಮ ಜೀವದ ವಿಷಯವಾದರೆ ಯಾರಿಗೆ ಏನು ಹೇಳ್ತೀನಿ ಅಂತ ಮೊದಲು ನಿಮಗೇ ಹೇಳ್ತೀನಿ. ಈಗ ನಾನು ಹೇಳಿದ್ದರಲ್ಲಿ ನಿಮಗೆ ಏನು ಅರ್ಥ ಆಯ್ತು, ಹೇಳಿ ನೋಡೋಣ.’

ಕೊನೆಯ ವಾಕ್ಯ ಬಿಡಬೇಡಿ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಅವರ ಬಾಯಲ್ಲಿ ಕೇಳಿಸಿಕೊಂಡರೆ ಮಾತ್ರ ಎಷ್ಟು ತಲುಪಿದೆ ಅಂತ ಗೊತ್ತಾಗುತ್ತದೆ.

ಈ ಗಡಿಗಳು ಸುಮ್ನೆ ಹುಟ್ಟಿದ್ದಲ್ಲ. ಮಂಡೇಲಾ ನಿಯಮ 32, ರೋಗಿಗಾಗಲಿ ಬೇರೆಯವರಿಗಾಗಲಿ ನಿಜವಾದ, ತಕ್ಷಣದ ಅಪಾಯ ಇದ್ದಾಗ ಬಿಟ್ಟರೆ ವೈದ್ಯಕೀಯ ಮಾಹಿತಿ ಗೋಪ್ಯವಾಗಿರಬೇಕು ಅನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರ ಟ್ಯಾರಾಸಾಫ್ ತೀರ್ಪಿನಲ್ಲಿ, ಚಿಕಿತ್ಸೆಗೆ ಬಂದವರಿಂದ ಇನ್ನೊಬ್ಬರಿಗೆ ಗಂಭೀರ ಅಪಾಯ ಇದ್ದರೆ ಆ ವ್ಯಕ್ತಿಯನ್ನು ಕಾಪಾಡಲು ಚಿಕಿತ್ಸಕರು ಸೂಕ್ತ ಕ್ರಮ ತೆಗೆದುಕೊಳ್ಳಬೇಕು ಅಂತ ಹೇಳಿತು. ನಿಮ್ಮ ದೇಶದ ಕಾನೂನಿನಲ್ಲಿ ಗೆರೆ ಎಲ್ಲಿದೆ ಅನ್ನುವುದನ್ನು ಕೆಲಸಕ್ಕೆ ಇಳಿಯುವ ಮೊದಲೇ ಬರೆದಿಟ್ಟುಕೊಳ್ಳಿ.

ವಿಚಾರಣಾಧೀನರ ವಿಷಯದಲ್ಲಿ ಇನ್ನೊಂದು ಎಚ್ಚರ. ಅವರ ಮೇಲಿರುವ ಆರೋಪದ ವಿವರಕ್ಕೆ ಕೈ ಹಾಕಬೇಡಿ. ‘ನಿಜವಾಗಿ ಏನಾಯ್ತು?’ ಅಂತ ಕೇಳುವ ಕುತೂಹಲ ನಿಮಗಿರಬಹುದು, ಆದರೆ ನಾಳೆ ನಿಮ್ಮನ್ನೇ ಸಾಕ್ಷಿಗೆ ಕರೆಯಬಹುದು. ‘ಕೇಸಿನ ವಿಷಯ ವಕೀಲರ ಹತ್ತಿರ ಮಾತಾಡಿ, ನಿಮ್ಮ ನಿದ್ದೆ, ಭಯ, ಮನೆಯ ಚಿಂತೆ ನನ್ನ ಹತ್ತಿರ ಮಾತಾಡಿ’ ಅಂತ ಬಿಡಿಸಿ ಹೇಳಿ.

ಮೊದಲ ದಿನ ಅವರು ಏನೂ ಮಾತಾಡದಿದ್ದರೂ ಬೇಸರ ಬೇಡ. ನಿಮ್ಮನ್ನು ಅಳೆಯುತ್ತಿರುತ್ತಾರೆ. ಮುಂದಿನ ವಾರ ಹೇಳಿದ ಹೊತ್ತಿಗೆ ನೀವು ಮತ್ತೆ ಅಲ್ಲಿದ್ದರೆ ಅರ್ಧ ಕೆಲಸ ಆಯಿತು.

6. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿ

ಕೇಳಿದರೆ ತಲೆಗೆ ಹೊಸದಾಗಿ ಯೋಚನೆ ಹಾಕಿದಂತಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಹಾಗಾಗಲ್ಲ. ಕೇಳಿದಾಗ ಎಷ್ಟೋ ಜನಕ್ಕೆ ಉಸಿರು ಬಿಟ್ಟಂತಾಗುತ್ತದೆ. ‘ಈಚೆಗೆ ಬದುಕೋದೇ ಬೇಡ ಅನಿಸಿದೆಯಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದೀರಾ?’ ಈ ಕ್ರಮದಲ್ಲಿ, ದನಿ ಏರಿಸದೆ ಕೇಳಿ. ‘ಅಂಥದ್ದೇನೂ ಮಾಡ್ಕೊಳ್ಳಲ್ಲ ಅಲ್ವಾ?’ ಅಂತ ಮಾತ್ರ ಕೇಳಬೇಡಿ. ಇಲ್ಲ ಅನ್ನುವ ಉತ್ತರ ಅದರಲ್ಲೇ ಇದೆ.

ಅಪಾಯ ಹೆಚ್ಚಿರುವ ದಿನಗಳು ಗೊತ್ತಿರಲಿ. ಜೈಲಿಗೆ ಬಂದ ಮೊದಲ ಗಂಟೆಗಳು, ಮೊದಲ ದಿನಗಳು. ತೀರ್ಪು ಬಂದ ದಿನ. ಜಾಮೀನು ತಿರಸ್ಕಾರವಾದ ದಿನ. ಮನೆಯಿಂದ ಸಾವಿನ ಅಥವಾ ವಿಚ್ಛೇದನದ ಸುದ್ದಿ ಬಂದ ದಿನ. ಒಂಟಿ ಸೆಲ್‌ಗೆ ಹಾಕಿದ ದಿನ. ನಶೆ ಬಿಟ್ಟು ಮೈ ನಡುಗುವ ದಿನಗಳು. ತನ್ನ ಮನೆಯವರನ್ನೇ ಕೊಂದ ಆರೋಪದಲ್ಲಿ ಮೊದಲ ಸಲ ಜೈಲು ನೋಡುತ್ತಿರುವವರ ಮೇಲೆ ವಿಶೇಷ ಕಣ್ಣಿಡಿ. ತುಂಬ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ, ತಮ್ಮ ಬಟ್ಟೆಬರೆ, ಪುಸ್ತಕ ಹಂಚತೊಡಗಿದರೆ ಅದನ್ನು ಸುಧಾರಣೆ ಅಂದುಕೊಳ್ಳಬೇಡಿ.

ಅಪಾಯ ಇದೆ ಅನಿಸಿದರೆ ಅವರನ್ನು ಒಬ್ಬರನ್ನೇ ಬಿಟ್ಟು ಏಳಬೇಡಿ. ಏನು ಮಾಡುತ್ತೀರಿ ಅಂತ ಅವರಿಗೆ ಹೇಳಿ, ವೈದ್ಯಾಧಿಕಾರಿಗೆ ಮತ್ತು ಆ ಪಾಳಿಯ ಅಧಿಕಾರಿಗೆ ಆಗಲೇ ತಿಳಿಸಿ, ಗಂಟೆ ಸಮೇತ ಬರೆದಿಡಿ. ಇಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯಿರಿ. ಕಾಪಾಡುವ ಹೆಸರಿನಲ್ಲಿ ಅವರನ್ನು ಒಂಟಿ ಸೆಲ್‌ಗೆ ಹಾಕುವುದು ಪರಿಸ್ಥಿತಿಯನ್ನು ಕೆಡಿಸುತ್ತದೆ. ಜೊತೆಗೆ ಜನ ಬೇಕು, ಮೇಲೆ ಕಣ್ಣಿರಬೇಕು.

ತಕ್ಷಣದ ಗಂಡಾಂತರ ಕಳೆದ ಮೇಲೆ ಸುರಕ್ಷತಾ ಯೋಜನೆ ಬರೆಯಿರಿ. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಇದು ಒಂದು ಹಾಳೆಯ ಕೆಲಸ. ಕೆಟ್ಟ ಯೋಚನೆ ಶುರುವಾಗುವ ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಮನಸ್ಸು ಬೇರೆ ಕಡೆ ತಿರುಗಿಸಲು ಯಾರ ಜೊತೆ ಕೂರಬಹುದು, ಯಾರನ್ನು ಸಹಾಯ ಕೇಳಬಹುದು, ಯಾವ ಸಿಬ್ಬಂದಿಯನ್ನು ಕರೆಯಬೇಕು, ಸುತ್ತಮುತ್ತಲಿನ ಅಪಾಯ ಹೇಗೆ ಕಡಿಮೆ ಮಾಡಬಹುದು. ಜೈಲಿನಲ್ಲಿ ‘ಗೆಳೆಯನಿಗೆ ಫೋನ್ ಮಾಡುತ್ತೇನೆ’ ಅಂತ ಬರೆದರೆ ಪ್ರಯೋಜನವಿಲ್ಲ. ರಾತ್ರಿ ಬೀಗ ಹಾಕಿದ ಮೇಲೆ ಕೈಗೆ ಎಟಕುವುದನ್ನೇ ಬರೆಸಿ: ಪಕ್ಕದ ಹಾಸಿಗೆಯವರನ್ನು ಎಬ್ಬಿಸುವುದು, ಮಗಳ ಹಳೆ ಕಾಗದ ಓದುವುದು, ರಾತ್ರಿ ಪಾಳಿಯ ವಾರ್ಡರ್‌ನ ಕೂಗುವುದು. ಆ ವಾರ್ಡರ್‌ಗೂ ಈ ವಿಷಯ ಗೊತ್ತಿರಬೇಕು.

7. ಮಾತಿನ ಕೆಲಸ: ಬದಲಾವಣೆ ಹೇಗೆ ಶುರುವಾಗುತ್ತದೆ

ಬುದ್ಧಿ ಹೇಳಿದರೆ ಬದಲಾಗುವುದಿದ್ದರೆ ಜೈಲಿನಲ್ಲಿ ಯಾರೂ ಇರುತ್ತಿರಲಿಲ್ಲ. ಹೆದರಿಸಿದರೂ ಆಗಲ್ಲ. ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ 1970ರ ದಶಕದಿಂದ ನಡೆದವು. ಅವುಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಅಪರಾಧ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

ಕೆಲಸ ಮಾಡುವ ದಾರಿಗಳಲ್ಲಿ ಒಂದನ್ನು ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟರು, ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಬೆಳೆಸಿದರು. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತ ಅದರ ಹೆಸರು. ಬದಲಾಗುವುದಕ್ಕೆ ಕಾರಣ ನೀವು ಕೊಡಬೇಡಿ, ಅವರ ಬಾಯಿಂದಲೇ ಬರಲಿ ಅನ್ನುವುದು ಅದರ ತಿರುಳು. ‘ಕುಡಿತದಿಂದಲೇ ನೀವಿಲ್ಲಿ ಬಂದಿರೋದು’ ಅಂದರೆ ಅವರು ಕುಡಿತದ ಪರ ವಾದ ಮಾಡುತ್ತಾರೆ. ‘ಕುಡಿತದಿಂದ ನಿಮಗೆ ಸಿಗ್ತಿದ್ದದ್ದೇನು, ಕಳೆದುಕೊಂಡಿದ್ದೇನು?’ ಅಂತ ಕೇಳಿದರೆ ಎರಡೂ ಕಡೆ ಅವರೇ ತೂಗಿ ನೋಡುತ್ತಾರೆ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ, ಆಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬುವ ಅವಸರ ಬೇಡ.

ಇನ್ನೊಂದು ದಾರಿ, ಒಂದು ಘಟನೆಯನ್ನು ನಿಧಾನಕ್ಕೆ ಬಿಚ್ಚಿ ನೋಡುವುದು. ಫೋನ್ ಮಾಡಲು ನಿಂತ ಸಾಲಿನಲ್ಲಿ ಇನ್ನೊಬ್ಬ ಮಧ್ಯೆ ನುಗ್ಗಿದ, ಇವರು ಹೊಡೆದರು, ಒಂದು ತಿಂಗಳು ಫೋನ್ ಬಂದ್ ಆಯಿತು ಅಂದುಕೊಳ್ಳಿ. ‘ಕೋಪ ಬಂತು, ಹೊಡೆದೆ’ ಅನ್ನುತ್ತಾರೆ. ಅಲ್ಲಿಗೆ ಬಿಡಬೇಡಿ. ಅವನು ನುಗ್ಗಿದ್ದಕ್ಕೂ ನಿಮ್ಮ ಕೈ ಎದ್ದಿದ್ದಕ್ಕೂ ಮಧ್ಯೆ ತಲೆಯಲ್ಲಿ ಏನು ಓಡಿತು? ‘ಇವತ್ತು ಬಿಟ್ಟರೆ ನಾಳೆಯಿಂದ ಎಲ್ಲರೂ ನನ್ನ ತುಳೀತಾರೆ ಅನಿಸ್ತು.’ ಮೈಯಲ್ಲಿ ಏನಾಯ್ತು? ‘ಕಿವಿ ಬಿಸಿ ಆಯ್ತು, ದವಡೆ ಬಿಗೀತು.’ ಈಗ ಸಿಕ್ಕಿತು ನೋಡಿ. ಹೊಡೆದಿದ್ದು ಕೋಪಕ್ಕಿಂತ ಭಯದಿಂದ, ಮತ್ತು ದವಡೆ ಬಿಗಿಯುವುದು ಅವರ ಎಚ್ಚರಿಕೆಯ ಗಂಟೆ. ಮುಂದಿನ ಸಲ ದವಡೆ ಬಿಗಿದಾಗ ಏನು ಮಾಡಬಹುದು ಅಂತ ಯೋಚಿಸಿ, ಕೋಣೆಯಲ್ಲೇ ಎದ್ದು ನಿಂತು ಅಭ್ಯಾಸ ಮಾಡಿಸಿ. ಆ ಭಯ ಪೂರ್ತಿ ಸುಳ್ಳು ಅಂತ ವಾದಿಸಬೇಡಿ. ಜೈಲಿನಲ್ಲಿ ಅದು ಸ್ವಲ್ಪ ನಿಜವೂ ಹೌದು. ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯುವ ದಾರಿ ಹುಡುಕುವುದೇ ಇಲ್ಲಿನ ಕೆಲಸ.

ಯಾರಿಗೆ ಎಷ್ಟು ಸಮಯ ಕೊಡಬೇಕು? ಕೆನಡಾದ ಡಾನ್ ಆಂಡ್ರೂಸ್, ಜೇಮ್ಸ್ ಬಾಂಟಾ ಮತ್ತು ರಾಬರ್ಟ್ ಹೋಜ್ 1990ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಮತ್ತೆ ಅಪರಾಧ ಮಾಡುವ ಸಂಭವ ಹೆಚ್ಚಿರುವವರಿಗೆ ಹೆಚ್ಚು ಸಹಾಯ ಕೊಡಿ, ಅಪರಾಧಕ್ಕೆ ನೇರವಾಗಿ ತಳ್ಳುವ ಕಾರಣಗಳ ಮೇಲೆ ಕೆಲಸ ಮಾಡಿ, ಅವರಿಗೆ ಅರ್ಥವಾಗುವ ರೀತಿಯಲ್ಲಿ ಮಾಡಿ. ವ್ಯಸನ, ಸಹವಾಸ, ಯೋಚನೆಯ ರೀತಿ, ಮನೆ, ಉದ್ಯೋಗ, ಬಿಡುವಿನ ಹೊತ್ತು ಕಳೆಯುವ ಬಗೆ, ಇವು ಆ ಕಾರಣಗಳಲ್ಲಿ ಮುಖ್ಯವಾದವು. ಸಂಭವ ಕಡಿಮೆ ಇರುವ ಹೊಸಬರನ್ನು ಪಳಗಿದವರ ಗುಂಪಿನಲ್ಲಿ ಕೂರಿಸಿದರೆ ಅವರು ಕೆಡುವ ಸಾಧ್ಯತೆಯೇ ಜಾಸ್ತಿ. ಗುಂಪು ಮಾಡುವಾಗ ಇದು ನೆನಪಿರಲಿ. 8ರಿಂದ 10 ಜನ ಸಾಕು. ಹಳೆ ದ್ವೇಷ ಇರುವವರು, ಒಂದೇ ಕೇಸಿನವರು ಒಟ್ಟಿಗೆ ಬರದಂತೆ ಸಿಬ್ಬಂದಿಯನ್ನು ಕೇಳಿ ನೋಡಿಕೊಳ್ಳಿ.

8. ಹಳೆಯ ಗಾಯ ಮುಟ್ಟುವಾಗ

ಬಾಲ್ಯದ ಹೊಡೆತ, ಲೈಂಗಿಕ ದೌರ್ಜನ್ಯ, ಕಣ್ಣೆದುರೇ ನಡೆದ ಕೊಲೆ. ಇಂಥ ಕಥೆಗಳು ಇಲ್ಲಿ ತುಂಬ ಬರುತ್ತವೆ. ಕೇಳಿಸಿಕೊಳ್ಳಿ, ಆದರೆ ಕೆದಕಿ ಕೆದಕಿ ಹೊರಗೆ ತೆಗೆಯಬೇಡಿ. ಹೊರಗಿನವರು ಅತ್ತು ಹಗುರಾಗಿ ತಮ್ಮ ಮನೆಗೆ ಹೋಗಬಹುದು. ಇವರು ಹೋಗಬೇಕಾದ್ದು ಬ್ಯಾರಕ್‌ಗೆ. ಕೆಂಪಗಾದ ಕಣ್ಣು ಅಲ್ಲಿ ಮೆತ್ತಗಿನವನು ಅಂತ ಸಾರುತ್ತದೆ, ಅದರಿಂದ ಏನೇನಾಗಬಹುದು ಅಂತ ಅವರಿಗೆ ಗೊತ್ತು.

ಅದಕ್ಕೇ ಕೊನೆಯ ಹತ್ತು ನಿಮಿಷ ಯಾವತ್ತೂ ಮಾತು ಮುಗಿಸುವುದಕ್ಕೆ ಮೀಸಲಿರಲಿ. ಆಗ ಹೊಸ ವಿಷಯ ಎತ್ತಬೇಡಿ. ಪಾದ ನೆಲಕ್ಕೆ ಒತ್ತಿ ಕೂರಲು ಹೇಳಿ. ಕಾಣುವ ಐದು ವಸ್ತು, ಕೇಳುವ ಮೂರು ಸದ್ದು ಹೆಸರಿಸಲಿ. ಉಸಿರು ಒಳಗೆ ತೆಗೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಲಿ. ಮುಖ ತೊಳೆಯಲು ನೀರಿದ್ದರೆ ತೊಳೆದುಕೊಳ್ಳಲಿ. ‘ಯಾರಾದರೂ ಏನು ಮಾತಾಡಿದಿರಿ ಅಂತ ಕೇಳಿದರೆ ಏನು ಹೇಳ್ತೀರಿ?’ ಅಂತ ಕೇಳಿ, ಒಂದು ಉತ್ತರ ಸಿದ್ಧ ಮಾಡಿಸಿಯೇ ಕಳಿಸಿ.

ಆಘಾತಕ್ಕೆ ಪೂರ್ತಿ ಚಿಕಿತ್ಸೆ ಕೊಡಲು ಸುರಕ್ಷಿತ ಜಾಗ, ಸಾಕಷ್ಟು ಸಮಯ, ತರಬೇತಿ ಮೂರೂ ಬೇಕು. ಅವು ಇಲ್ಲದ ಕಡೆ ನಿದ್ದೆ, ಬೆಚ್ಚಿಬೀಳುವುದು, ಸಿಟ್ಟು ಇವುಗಳನ್ನು ನಿಭಾಯಿಸುವುದನ್ನು ಕಲಿಸಿ. ಅದೇ ದೊಡ್ಡ ಸಹಾಯ.

9. ಗಡಿ, ಮತ್ತು ಆ ಚಿಕ್ಕ ಪತ್ರ

‘ಮೇಡಂ, ಈ ಪತ್ರ ಹೊರಗೆ ಪೋಸ್ಟ್ ಮಾಡ್ತೀರಾ? ಮಗನ ಹುಟ್ಟಿದ ಹಬ್ಬ.’

ಹೀಗೆಯೇ ಶುರುವಾಗುತ್ತದೆ. ಪತ್ರದಲ್ಲಿ ನಿಜಕ್ಕೂ ಹುಟ್ಟುಹಬ್ಬದ ಹಾರೈಕೆ ಮಾತ್ರ ಇರಬಹುದು. ಆದರೂ ತೆಗೆದುಕೊಳ್ಳಬೇಡಿ. ಒಂದು ಸಲ ನಿಯಮ ಮುರಿದರೆ, ಮುಂದಿನ ಸಲ ಕೇಳುವವರಿಗೆ ನಿಮ್ಮ ಮೇಲೆ ಹಿಡಿತ ಇರುತ್ತದೆ. ಇವರು ಕೇಳದಿದ್ದರೂ, ಇವರನ್ನು ಹೆದರಿಸಿ ಬೇರೆಯವರು ಕೇಳಿಸುತ್ತಾರೆ. ಅಂದರೆ ಪತ್ರ ತೆಗೆದುಕೊಂಡು ನೀವು ಅವರನ್ನೇ ಅಪಾಯಕ್ಕೆ ತಳ್ಳಿದಂತೆ.

ಇಲ್ಲ ಅನ್ನುವ ರೀತಿ ಮುಖ್ಯ. ‘ನಾನು ಪತ್ರ ತಗೊಂಡು ಹೋಗೋ ಹಾಗಿಲ್ಲ, ಯಾರದ್ದನ್ನೂ ತಗೊಳ್ಳಲ್ಲ. ಮಗನಿಗೆ ಸಮಯಕ್ಕೆ ತಲುಪಬೇಕು ಅನ್ನೋದು ನನಗೆ ಅರ್ಥ ಆಗುತ್ತೆ. ಜೈಲಿನ ಟಪಾಲಿನಲ್ಲೇ ಹೋಗೋಕೆ ಏನು ಮಾಡಬೇಕು ಅಂತ ಈಗಲೇ ಕೇಳೋಣ.’ ಕೇಳಿ, ಬಂದ ಉತ್ತರವನ್ನು ಅವರಿಗೆ ತಲುಪಿಸಿ. ಬೇಡಿಕೆ ಬಂದ ವಿಷಯವನ್ನು ಆ ದಿನವೇ ನಿಮ್ಮ ಮೇಲಿನವರಿಗೆ ಹೇಳಿಬಿಡಿ, ಆಗ ಯಾರೂ ನಿಮ್ಮನ್ನು ಹೆದರಿಸಲಾಗದು. ಈ ವಿಷಯ ಮೇಲೆ ಹೋಗುತ್ತದೆ ಅಂತ ಕೇಳಿದವರಿಗೂ ತಿಳಿಸಿ.

ದುಡ್ಡು, ಉಡುಗೊರೆ, ಫೋನ್ ನಂಬರು, ಸಾಮಾಜಿಕ ಜಾಲತಾಣ, ಬಿಡುಗಡೆಯಾದ ಮೇಲೆ ಖಾಸಗಿ ಭೇಟಿ, ಎಲ್ಲಕ್ಕೂ ಇದೇ ಉತ್ತರ. ‘ನಿಮ್ಮೊಬ್ಬರಿಗೇ ನನ್ನ ಅರ್ಥ ಮಾಡಿಕೊಳ್ಳೋಕೆ ಆಗೋದು’ ಅನ್ನುವ ಮಾತು ಕೇಳಿ ನಿಮ್ಮ ಎದೆ ಉಬ್ಬಿದರೆ, ಅದೇ ದಿನ ಹಿರಿಯ ಸಹೋದ್ಯೋಗಿಯ ಜೊತೆ ಮಾತಾಡಿ. ಒಬ್ಬರಿಗೆ ಮಾತ್ರ ಹೆಚ್ಚು ಸಮಯ ಕೊಡುತ್ತಿದ್ದೀರಾ, ಅವರ ಬಗ್ಗೆ ಟಿಪ್ಪಣಿ ಬರೆಯಲು ಹಿಂಜರಿಯುತ್ತಿದ್ದೀರಾ ಅಂತ ಆಗಾಗ ನೋಡಿಕೊಳ್ಳಿ.

ಇದರ ಜೊತೆಗೇ ಇನ್ನೊಂದು ಮಾತು ಹೇಳಬೇಕು. ಕೈದಿ ಏನು ಕೇಳಿದರೂ ‘ಆಟ ಆಡ್ತಿದ್ದಾನೆ’ ಅನ್ನುವ ರೂಢಿ ಕೆಲವು ಜೈಲುಗಳಲ್ಲಿದೆ. ಅದಕ್ಕೆ ಸಿಕ್ಕಿಕೊಳ್ಳಬೇಡಿ. ಎಲ್ಲದಕ್ಕೂ ಇನ್ನೊಬ್ಬರ ಅನುಮತಿ ಬೇಕಾದ ಕಡೆ ಜನ ಸುತ್ತಿ ಬಳಸಿ ಕೇಳುವುದು ಸಹಜ. ನೆಪ ಹೇಳಿಕೊಂಡು ಬಂದವರಿಗೂ ಒಳಗೊಂದು ನಿಜವಾದ ಕಷ್ಟ ಇರಬಹುದು, ತಾಳ್ಮೆಯಿಂದ ಹುಡುಕಿ.

10. ಬರೆದಿಡುವುದು

ಚಿಕ್ಕದಾಗಿ, ಅದೇ ದಿನ ಬರೆಯಿರಿ. ಕಂಡಿದ್ದು, ಕೇಳಿದ್ದು, ಮಾಡಿದ್ದು, ಮುಂದೆ ಮಾಡುವುದು. ‘ಮೋಸಗಾರ ಸ್ವಭಾವ’ ಅಂತ ಬರೆಯಬೇಡಿ, ‘ಎರಡು ಭೇಟಿಯಲ್ಲಿ ಬೇರೆ ಬೇರೆ ವಿವರ ಕೊಟ್ಟರು’ ಅಂತ ಬರೆಯಿರಿ. ನಿಮ್ಮ ಒಂದು ಪದ ಪೆರೋಲ್ ಮಂಡಳಿಯ ಮುಂದೆ ಹತ್ತು ವರ್ಷ ಆದ ಮೇಲೂ ಓದಲ್ಪಡಬಹುದು. ಅವರ ಎದುರಿಗೆ ಓದಿ ಹೇಳಲು ನಾಚಿಕೆಯಾಗುವ ವಾಕ್ಯ ಕಡತದಲ್ಲಿ ಇರಬಾರದು. ವರದಿ ಕೇಳಿದಾಗ, ನಿಮಗೆ ತಿಳಿದಿದ್ದಷ್ಟನ್ನೇ ಹೇಳಿ. ‘ಇನ್ನು ಮುಂದೆ ಅಪರಾಧ ಮಾಡುವುದಿಲ್ಲ’ ಅಂತ ಯಾರ ಬಗ್ಗೆಯೂ ಭರವಸೆ ಬರೆದು ಕೊಡಬೇಡಿ.

11. ಬಿಡುಗಡೆಯ ತಯಾರಿ

ಇದನ್ನು ಕೊನೆಯ ವಾರಕ್ಕೆ ಬಿಟ್ಟರೆ ತಡವಾಯಿತು. ಆರು ತಿಂಗಳು ಮೊದಲೇ ಶುರು ಮಾಡಿ. ಮಂಡೇಲಾ ನಿಯಮ 108 ಇದಕ್ಕೆ ಒಳ್ಳೆಯ ಪಟ್ಟಿ: ಗುರುತಿನ ದಾಖಲೆ, ಇರಲು ಮನೆ, ಕೆಲಸ, ಹಾಕಿಕೊಳ್ಳಲು ಸರಿಯಾದ ಬಟ್ಟೆ, ಊರು ತಲುಪುವ ಮತ್ತು ಮೊದಲ ದಿನಗಳನ್ನು ಕಳೆಯುವಷ್ಟು ಹಣ. ಇದರಲ್ಲಿ ಯಾವುದು ಇಲ್ಲ ಅಂತ ಒಂದೊಂದಾಗಿ ಕೇಳಿ, ಯಾರು ಯಾವಾಗ ಮಾಡಿಕೊಡುತ್ತಾರೆ ಅಂತ ಪಕ್ಕದಲ್ಲೇ ಬರೆಯಿರಿ.

ಮಾದಕ ವಸ್ತು ಬಳಸುತ್ತಿದ್ದವರಿಗೆ ಈ ವಿಷಯ ಬಿಡದೆ ಹೇಳಲೇಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರದಲ್ಲಿ ಅವರು ಸಾಯುವ ಅಪಾಯ ಅಲ್ಲಿನ ಇತರ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಮಾದಕ ವಸ್ತು ಅತಿಯಾಗಿ ಸಾಯುವ ಅಪಾಯವಂತೂ 129 ಪಟ್ಟು. ಒಳಗಿದ್ದಾಗ ಮೈ ಆ ಅಭ್ಯಾಸ ಕಳೆದುಕೊಂಡಿರುತ್ತದೆ. ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ‘ನೀವು ಮತ್ತೆ ಮುಟ್ಟಲ್ಲ ಅಂತ ನಂಬ್ತೀನಿ’ ಅಂತ ವಿಷಯ ತೇಲಿಸಬೇಡಿ. ಅಕಸ್ಮಾತ್ ಜಾರಿದರೆ ಒಬ್ಬರೇ ಇರಬೇಡಿ, ಹಳೆ ಪ್ರಮಾಣ ಈಗ ಕೊಲ್ಲುತ್ತದೆ ಅಂತ ಬಿಡಿಸಿ ಹೇಳಿ. ಬಿಡುಗಡೆಯ ಮರುದಿನಕ್ಕೇ ಚಿಕಿತ್ಸಾ ಕೇಂದ್ರದ ಭೇಟಿ ಗೊತ್ತು ಮಾಡಿ. ಓಪಿಯಾಯ್ಡ್ (ಹೆರಾಯಿನ್, ಅಫೀಮು ಥರದ ಮಾದಕ ವಸ್ತು) ವಿಷವನ್ನು ತಡೆಯುವ ನಲೋಕ್ಸೋನ್ ಔಷಧಿ ಸಿಗುವ ಕಡೆ ಮನೆಯವರಿಗೆ ಅದರ ಬಳಕೆ ಕಲಿಸಿ.

ಮನೆಯವರನ್ನೂ ತಯಾರು ಮಾಡಬೇಕು. ಅಪ್ಪ ಒಳಗೆ ಹೋದಾಗ ಐದು ವರ್ಷದ ಮಗು ಈಗ ಹನ್ನೆರಡರ ಹುಡುಗ. ಅವನಿಗೆ ಅಪ್ಪನ ಗುರುತಿಗಿಂತ ಸಿಟ್ಟು ಜಾಸ್ತಿ ಇರಬಹುದು. ಹೊರಗೆ ಹೋದ ದಿನವೇ ಎಲ್ಲ ಸರಿಹೋಗಬೇಕು ಅನ್ನುವ ಆಸೆಯನ್ನು ನಿಧಾನಕ್ಕೆ ತಗ್ಗಿಸಿ. ಮೊದಲ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲಿ, ಯಾರ ಜೊತೆ ಅಂತ ಗಂಟೆಗಂಟೆಗೆ ಬರೆಸಿ. ಹಳೇ ಗೆಳೆಯ ಗೇಟಿನ ಹೊರಗೇ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರೆ ಏನು ಹೇಳಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಸಿ.

12. ನಿಮ್ಮನ್ನು ನೋಡಿಕೊಳ್ಳುವುದು, ಮತ್ತು ಬಿಟ್ಟು ಹೋಗುವುದು

ದಿನವೂ ಹಿಂಸೆಯ ಕಥೆ ಕೇಳುವವರಿಗೆ ಅದರ ಪೆಟ್ಟು ಬೀಳುತ್ತದೆ. ಕೆಟ್ಟ ಕನಸು, ಯಾರನ್ನೂ ನಂಬದಿರುವುದು, ಮನೆಯಲ್ಲಿ ರೇಗುವುದು, ಅಥವಾ ಇದಕ್ಕೆ ತಿರುಗುಮುರುಗಾಗಿ ಏನು ಕೇಳಿದರೂ ಮನಸ್ಸಿಗೆ ತಟ್ಟದಿರುವುದು. ಹೊರಗಿನ ಅನುಭವಿ ಕೌನ್ಸೆಲರ್ ಒಬ್ಬರ ಜೊತೆ ನಿಯಮಿತವಾಗಿ ಕೂತು ಕೇಸುಗಳ ಬಗ್ಗೆ ಮಾತಾಡುವ ಏರ್ಪಾಟು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕೆಲವು ಅಪರಾಧಗಳ ಬಗ್ಗೆ ಕೇಳಲು ನಿಮಗೆ ಆಗಲ್ಲ ಅನಿಸಿದರೆ ಅದನ್ನು ಅಲ್ಲಿ ಹೇಳಿಕೊಳ್ಳಿ, ಆ ಕೇಸನ್ನು ಬೇರೆಯವರಿಗೆ ಕೊಡಿ. ಅಸಹ್ಯ ಇಟ್ಟುಕೊಂಡು ಎದುರಿಗೆ ಕೂತರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ.

ವರ್ಗಾವಣೆಯೋ, ಬೇರೆ ಕೆಲಸವೋ, ನೀವು ಒಂದು ದಿನ ಹೋಗಬೇಕಾಗುತ್ತದೆ. ಹೇಳದೆ ಕೇಳದೆ ಬಿಟ್ಟು ಹೋದವರು ಇವರ ಬದುಕಿನಲ್ಲಿ ಆಗಲೇ ಸಾಕಷ್ಟು ಇದ್ದಾರೆ. ಕನಿಷ್ಠ ನಾಲ್ಕು ವಾರ ಮೊದಲು ತಾರೀಕು ಹೇಳಿ. ಕೆಲವರು ಸಿಟ್ಟಾಗಿ ಬರುವುದನ್ನೇ ನಿಲ್ಲಿಸುತ್ತಾರೆ. ಆದರೂ ನೀವು ಹೇಳಿದ ಹೊತ್ತಿಗೆ ಕೋಣೆಯಲ್ಲಿ ಇರಿ, ಮತ್ತೊಮ್ಮೆ ಕರೆ ಕಳಿಸಿ. ಹೊಸದಾಗಿ ಬರುವವರನ್ನು ಸಾಧ್ಯವಾದರೆ ನೀವೇ ಪರಿಚಯ ಮಾಡಿಸಿ, ಅವರಿಗೆ ಏನೇನು ಹೇಳುತ್ತೀರಿ ಅನ್ನುವುದನ್ನು ಕೈದಿಯ ಒಪ್ಪಿಗೆ ಪಡೆದೇ ತೀರ್ಮಾನಿಸಿ. ಜೀವಕ್ಕೆ ಅಪಾಯ ಇರುವವರ ಸುರಕ್ಷತಾ ಯೋಜನೆಯನ್ನು ಮಾತ್ರ ನಿಮ್ಮ ಕೊನೆಯ ದಿನಕ್ಕೆ ಮೊದಲೇ, ಎದುರೆದುರು ಕೂತು ಒಪ್ಪಿಸಿ.